ಅಗಿಯದೆ ನುಂಗಿ ಬೆಳೆದ ದೈತ್ಯರು

ಶಿವಮೊಗ್ಗದ ಬಳಿಯ ಸಕ್ರೆಬೈಲಿನ ಆನೆ ಬಿಡಾರಕ್ಕೆ ಮಕ್ಕಳನ್ನು ಕರೆತರುವ ಹಿರಿಯರು ತುಂಗೆಯಲ್ಲಿ ಮೀಯುವ ಆನೆಯನ್ನು ತೋರಿಸಿ, ‘ಇದರ ಹತ್ತು ಪಟ್ಟು ದೊಡ್ಡದಾದರೆ ಅದೇ ಡೈನೋಸಾರ್’ ಎನ್ನುವುದುಂಟು. ತೂಕದ ಮಟ್ಟಿಗೆ ಇದು ಕಡಿಮೆಯೇ ಆಯಿತು. ಅರ್ಜೆಂಟಿನೋಸಾರಸ್ ಎಂಬ ಡೈನೋಸಾರ್ ಸುಮಾರು 70 ಟನ್ ತೂಗುತ್ತಿತ್ತೆಂದು ಅಂದಾಜು. ಆದರೆ ಆನೆಯನ್ನು ಎಷ್ಟು ಹಿಗ್ಗಿಸಿದರೂ ಸಾರೋಪಾಡ್, ಅಂದರೆ ಅರ್ಜೆಂಟಿನೋಸಾರಸ್‌ನಂಥ ಉದ್ದ ಕತ್ತಿನ ಸೊಪ್ಪು ತಿನ್ನುವ ಡೈನೋಸಾರ್, ಆಗುವುದಿಲ್ಲ. ಅವೆರಡರ ದಾರಿ ಬಾಯಿಯಲ್ಲೇ ಕವಲೊಡೆಯುತ್ತದೆ. ಸಾರೋಪಾಡ್ ಅಗಿಯುತ್ತಿರಲಿಲ್ಲ.

ಆನೆ ಸೊಪ್ಪು, ಬಿದಿರು, ತೊಗಟೆಯನ್ನೆಲ್ಲ ಅರೆಯುತ್ತ ದಿನದ ಬಹುಪಾಲು ಕಳೆಯುತ್ತದೆ. ಅರೆಯುವ ದವಡೆಗೆ ಭಾರಿ ತಲೆ ಬೇಕು, ಭಾರಿ ತಲೆಯನ್ನು ಹೊರಲು ಗಿಡ್ಡ ಕತ್ತೇ ಆಗಬೇಕು, ಗಿಡ್ಡ ಕತ್ತಿನ ಕೊರತೆ ನೀಗಲು ಸೊಂಡಿಲು ಬೇಕು. ಸಾರೋಪಾಡ್‌ಗೆ ಈ ಯಾವ ಕಟ್ಟೂ ಇರಲಿಲ್ಲ. ಎಲೆ ತರಿಯುವುದು, ನುಂಗುವುದು, ಅಷ್ಟೇ. ಡಿಪ್ಲೊಡೋಕಸ್ ಎಂಬ ಸಾರೋಪಾಡ್‌ಗೆ ಸುಮಾರು 35 ದಿನಕ್ಕೊಮ್ಮೆ ಸವೆದ ಹಲ್ಲಿನ ಜಾಗದಲ್ಲಿ ಹೊಸದು ಬರುತ್ತಿತ್ತು. ಆನೆಯ ದವಡೆ ಹಲ್ಲಿಗೆ ಜೀವಮಾನದಲ್ಲಿ ಆರೇ ಸರದಿ. ತಲೆ ಹಗುರಾದ್ದರಿಂದ ಕತ್ತು ನೀಳವಾಗಲು ಸಾಧ್ಯವಾಯಿತು. ಚೀನಾದ ಮಾಮೆಂಚಿಸಾರಸ್ ಎಂಬ ಒಂದು ಸಾರೋಪಾಡ್‌ನ ಕತ್ತು 15 ಮೀಟರ್ ಇತ್ತೆಂದು 2023ರಲ್ಲಿ ಲೆಕ್ಕ ಹಾಕಿದ್ದಾರೆ. ಅಂಥ ಕತ್ತಿದ್ದರೆ ನಿಂತಲ್ಲೇ ನಿಂತು ಸುತ್ತಲಿನ ಸೊಪ್ಪನ್ನೆಲ್ಲ ಬರಿದು ಮಾಡಬಹುದು. ಅದರ ಬೆನ್ನೆಲುಬಿನ ಪೊಳ್ಳುಗಳು ಹಕ್ಕಿಗಳಲ್ಲಿರುವಂಥ ಗಾಳಿಚೀಲಗಳ ಗುರುತು. ಕತ್ತನ್ನು ಹಗುರಾಗಿಸಿದ್ದೂ ಉದ್ದನೆಯ ಶ್ವಾಸನಾಳದಲ್ಲಿ ಹಳೆಯ ಗಾಳಿ ಉಳಿಯುವ ತೊಡಕನ್ನು ನಿಭಾಯಿಸಿದ್ದೂ ಅವೇ.

ಅರೆಯದ ಸೊಪ್ಪು ಕರಗಿದ್ದು ಹೇಗೆ? ಕೋಳಿಯಂತೆ ಕಲ್ಲು ನುಂಗಿ ಹೊಟ್ಟೆಯಲ್ಲಿ ಅರೆಯುತ್ತಿದ್ದವೆಂದು ಈಗಲೂ ಬರೆಯುವವರಿದ್ದಾರೆ. ಉಷ್ಟ್ರಪಕ್ಷಿಯ ಹೊಟ್ಟೆಯ ಕಲ್ಲು ಅದರ ತೂಕದ ಶೇ. 1ರಷ್ಟಿದ್ದರೆ, ಸಾರೋಪಾಡ್‌ಗಳ ಜೊತೆ ಸಿಕ್ಕ ಕಲ್ಲು ಶೇ. 0.1ಕ್ಕೂ ಕಡಿಮೆ ಎಂದು 2007ರಲ್ಲೇ ತೋರಿಸಿಯಾಗಿದೆ. ನಿಜವಾದ ಕೆಲಸ ಸೂಕ್ಷ್ಮಜೀವಿಗಳದ್ದು. ನಮ್ಮ ಕೊಟ್ಟಿಗೆಯ ಪಕ್ಕದ ಗೋಬರ್ ಗ್ಯಾಸ್ ತೊಟ್ಟಿಯೊಳಗೆ ಏನು ನಡೆಯುತ್ತದೆ ನೋಡಿ. ದಿನಕ್ಕೆ ಹಾಕುವ ಸಗಣಿ ಅಷ್ಟೇ ಇದ್ದು ತೊಟ್ಟಿ ದೊಡ್ಡದಾದರೆ, ಹಾಕಿದ್ದು ಹೆಚ್ಚು ದಿನ ಒಳಗೆ ಉಳಿದು ಹೆಚ್ಚು ಕೊಳೆಯುತ್ತದೆ. ಮಳೆಗಾಲದ ಥಂಡಿಯಲ್ಲಿ ಅನಿಲ ಕುಗ್ಗುತ್ತದೆ, ಬೆಚ್ಚಗಿದ್ದರೆ ಹಿಗ್ಗುತ್ತದೆ. ಸಾರೋಪಾಡ್‌ನ ಒಡಲಿಗೆ ಗಾತ್ರವೂ ಇತ್ತು, ಆ ಗಾತ್ರವೇ ಉಳಿಸಿಕೊಂಡ ಕಾವೂ ಇತ್ತು. ಹಲ್ಲು ಮಾಡದ ಕೆಲಸವನ್ನು ಕಾಲಾವಕಾಶ ಮಾಡಿತು. 2008ರಲ್ಲಿ ಜರ್ಮನಿಯ ಸಂಶೋಧಕರು ಅಂದಿನ ಸಸ್ಯಗಳ ಇಂದಿನ ಬಂಧುಗಳನ್ನು ಕುರಿಯ ಹೊಟ್ಟೆಯ ರಸದಲ್ಲಿ ಹುದುಗಿಸಿ ಅಳೆದರು. ಮಲೆನಾಡಿನ ಬಂಗಲೆಗಳ ಅಂಗಳದಲ್ಲಿ ಕ್ರಿಸ್ಮಸ್ ಮರವೆಂದು ಬೆಳೆಸುವ ಅರಾಕೇರಿಯಾದ ಕುಲ ಮೊದಲು ನಿಧಾನಿಸಿದರೂ ಮೂರು ದಿನ ಬಿಟ್ಟರೆ ಒಳ್ಳೆಯ ಶಕ್ತಿ ಕೊಟ್ಟಿತು. ಎಷ್ಟು ಸೊಗಸಾದ ಪ್ರಯೋಗ!

ನಡಿಗೆಯ ಬಗೆಗೂ ಹಿಂದೆ ದೊಡ್ಡ ಜಗಳವಾಗಿತ್ತು. ಡಿಪ್ಲೊಡೋಕಸ್ ಹಲ್ಲಿಯಂತೆ ಕಾಲು ಚಾಚಿ ತೆವಳುತ್ತಿತ್ತೆಂದು ಜರ್ಮನಿಯ ವಿಜ್ಞಾನಿ ಟೋರ್ನಿಯರ್ ಹಟ ಹಿಡಿದರು. ಹಾಗಾದರೆ ಅದರ ಆಳವಾದ ಎದೆಗೂಡು ಹೋಗಲು ನೆಲದಲ್ಲಿ ಕಾಲುವೆಯೇ ಬೇಕಾಗುತ್ತಿತ್ತು ಎಂದು 1910ರಲ್ಲಿ ಅಮೆರಿಕದ ವಿಜ್ಞಾನಿ ಹಾಲಂಡ್ ಮಾರುತ್ತರ ಕೊಟ್ಟರು. ಟೆಕ್ಸಾಸ್‌ನ ಪಲಕ್ಸಿ ನದಿಯಲ್ಲಿ 1938ರಲ್ಲಿ ರೋಲಂಡ್ ಬರ್ಡ್ ಪರಿಶೀಲಿಸಿದ ಹೆಜ್ಜೆಸಾಲುಗಳು ಹಾಲಂಡ್ ಮಾತನ್ನೇ ಎತ್ತಿಹಿಡಿದವು: ಕಾಲುಗಳು ಮೈಯ ಕೆಳಗೆ ನೇರ. ಕೊಳದಲ್ಲಿ ಮುಳುಗಿ ತಲೆಯನ್ನಷ್ಟೇ ಹೊರಗಿಟ್ಟುಕೊಂಡ ಚಿತ್ರವೂ ಸುಳ್ಳು. ಅಷ್ಟು ಆಳದಲ್ಲಿ ನೀರಿನ ಒತ್ತಡ ಎದೆಯನ್ನು ಹಿಗ್ಗಲು ಬಿಡುವುದಿಲ್ಲವೆಂದು 1951ರಲ್ಲೇ ವಿಜ್ಞಾನಿ ಕರ್ಮ್ಯಾಕ್ ತೋರಿಸಿದ್ದರು.

ಇನ್ನು, ಶಿವಮೊಗ್ಗದ ಗುಡ್ಡ ಅಗೆದಾಗ ವಿಚಿತ್ರ ಆಕಾರದ ಕಲ್ಲು ಸಿಕ್ಕರೆ ಅದನ್ನು ಡೈನೋಸಾರ್ ಮೊಟ್ಟೆಯೆಂದೋ ರಾಕ್ಷಸನ ಮೂಳೆಯೆಂದೋ ಹಂಚಿಕೊಳ್ಳುವವರಿಗೆ ಒಂದು ಮಾತು. ಇಲ್ಲಿನ ಶಿಲೆಗಳು 250 ಕೋಟಿ ವರ್ಷಗಳಿಗೂ ಹಳೆಯವು. ಡೈನೋಸಾರ್‌ಗಳು ಹುಟ್ಟಿದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ಹುಡುಕಬೇಕಾದದ್ದು ನರ್ಮದಾ ಕಣಿವೆಯಂಥ ಕಡೆ, ಅಥವಾ ಮಹಾರಾಷ್ಟ್ರದ ಪಿಸ್ದುರಾದಲ್ಲಿ. ಅಲ್ಲಿ ಸಿಕ್ಕ, ಸಾರೋಪಾಡ್‌ಗಳದ್ದೆಂದು ತಿಳಿಯಲಾದ ಕಲ್ಲಾದ ಸಗಣಿಯಲ್ಲಿ ವಂದನಾ ಪ್ರಸಾದ್, ಅಶೋಕ್ ಸಾಹ್ನಿ ಮತ್ತು ಸಂಗಡಿಗರು ಹುಲ್ಲಿನ ಸಿಲಿಕಾ ಕಣಗಳನ್ನು ಗುರುತಿಸಿ 2005ರಲ್ಲಿ ಪ್ರಕಟಿಸಿದರು. ಹುಲ್ಲು ಡೈನೋಸಾರ್‌ಗಳ ಕಾಲದ ನಂತರದ್ದೆಂಬ ನಂಬಿಕೆ ಬಿದ್ದುಹೋದದ್ದು ಆ ಸಗಣಿಯಿಂದ.