ಬ್ರಿಟನ್ನಿನ ಪತ್ರಾಗಾರಗಳಲ್ಲಿ ಕಪ್ಪು, ಏಷ್ಯನ್, ಕೆರಿಬಿಯನ್ ಜನರ ಚರಿತ್ರೆ: ಆಕರ ಹುಡುಕುವವರಿಗೆ ಟಿಪ್ಪಣಿ

ಬ್ರಿಟನ್ನಿನಲ್ಲಿ ಬಾಳಿದ ಆಫ್ರಿಕನ್, ಏಷ್ಯನ್, ಕೆರಿಬಿಯನ್ ಜನರ ಚರಿತ್ರೆ ಓದಲು ಹೊರಟವರು ಸಾಮಾನ್ಯವಾಗಿ ಮೊದಲು ಕ್ಯಾಟಲಾಗ್ ತೆರೆದು 'ಬ್ಲ್ಯಾಕ್' ಅಂತ ಟೈಪ್ ಮಾಡುತ್ತಾರೆ. ಬರೋದೇನು? ಬ್ಲ್ಯಾಕ್ ಅನ್ನೋ ಮನೆತನದ ಬಿಳಿಯರು, ಬರ್ಮಿಂಗ್‌ಹ್ಯಾಮ್ ಪಕ್ಕದ ಬ್ಲ್ಯಾಕ್ ಕಂಟ್ರಿ ಎಂಬ ಕಲ್ಲಿದ್ದಲು ಸೀಮೆ, ಬ್ಲ್ಯಾಕ್ ಹಾರ್ಸ್ ಹೆಸರಿನ ಪಬ್ಬುಗಳು. ಇವುಗಳ ನಡುವೆ ನಮಗೆ ಬೇಕಾದದ್ದು ಸಿಕ್ಕರೆ ಪುಣ್ಯ. ಸಿಗದಿದ್ದರೆ 'ಹಳೇ ಕಾಲದಲ್ಲಿ ಈ ಜನ ಇಲ್ಲಿ ಇರಲೇ ಇಲ್ಲ' ಅಂತ ತೀರ್ಮಾನ ಮಾಡಿಬಿಡುವ ಅಪಾಯ ಇದೆ.

ಇದ್ದರು. ಜಾನ್ ಬ್ಲಾಂಕ್ ಎಂಬ ಕಪ್ಪು ತುತ್ತೂರಿಗಾರ ಏಳನೇ ಹೆನ್ರಿಯ ಅರಮನೆಯಲ್ಲಿ ಕೆಲಸಕ್ಕಿದ್ದ. 1507ರ ನವೆಂಬರ್ ತಿಂಗಳಿಗೆ ಅವನಿಗೆ 20 ಶಿಲ್ಲಿಂಗ್ ಸಂಬಳ ಕೊಟ್ಟದ್ದು ಅರಮನೆಯ ಲೆಕ್ಕದ ಪುಸ್ತಕದಲ್ಲಿದೆ. ದಿನಕ್ಕೆ 8 ಪೆನ್ನಿ. ಮುಂದೆ ಎಂಟನೇ ಹೆನ್ರಿಗೆ ಅವನು ಕೊಟ್ಟ ಅರ್ಜಿಯೂ ಉಳಿದಿದೆ. ತೀರಿಹೋದ ಇನ್ನೊಬ್ಬ ತುತ್ತೂರಿಗಾರನ ಸಂಬಳವನ್ನು ತನಗೆ ಕೊಡಿ ಅನ್ನೋದು ಅದರ ಸಾರ. 1511ರ ವೆಸ್ಟ್‌ಮಿನ್‌ಸ್ಟರ್ ಪಂದ್ಯಾಟದ ಚಿತ್ರಸುರುಳಿಯಲ್ಲಿ ಅವನ ಚಿತ್ರ ಎರಡು ಸಲ ಬರುತ್ತದೆ. ಇನ್ನು 1616ರ ಡಿಸೆಂಬರ್ 22ರಂದು ಲಂಡನ್ನಿನ ಸೇಂಟ್ ಡಯೊನಿಸ್ ಬ್ಯಾಕ್‌ಚರ್ಚ್‌ನಲ್ಲಿ ಬಂಗಾಳ ಕೊಲ್ಲಿಯ ಕಡೆಯಿಂದ ಬಂದ ಒಬ್ಬ ಹುಡುಗನಿಗೆ ದೀಕ್ಷಾಸ್ನಾನ ಆಯಿತು. ಪೀಟರ್ ಅಂತ ಹೆಸರಿಟ್ಟರು.

ಈಗ ಗಮನಿಸಿ. ಮೊದಲನೆಯದು ಸಂಬಳದ ಲೆಕ್ಕ, ಎರಡನೆಯದು ಚರ್ಚಿನ ಪುಸ್ತಕ. ಚರಿತ್ರೆ ಉಳಿಸೋಣ ಅಂತ ಯಾರೂ ಬರೆದದ್ದಲ್ಲ. ಅವರವರ ಕೆಲಸಕ್ಕೆ ಬರೆದುಕೊಂಡರು, ಆ ಕೆಲಸದ ದಾರಿಗೆ ಅಡ್ಡ ಬಂದವರ ಹೆಸರು ಉಳಿಯಿತು. ಹಾಗಾಗಿ ಇಂಥ ಆಕರಗಳ ಸಮೀಕ್ಷೆಗೆ ಹೊರಟವರು 'ಕಪ್ಪು ಜನರ ದಾಖಲೆ ಎಲ್ಲಿದೆ?' ಅಂತ ಕೇಳಿದರೆ ಸಾಲದು. 'ಇವರನ್ನು ಪಟ್ಟಿ ಮಾಡೋ ಅಗತ್ಯ ಯಾರಿಗಿತ್ತು, ಯಾಕಿತ್ತು?' ಅಂತ ಕೇಳಬೇಕು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಕಲಿಯಬೇಕಾದದ್ದು ಮುಖ್ಯವಾಗಿ ಇದೇ. ಉಳಿದದ್ದೆಲ್ಲ ಇದರ ವಿವರ.

2000ದ ಸುಮಾರಿಗೆ ಲಂಡನ್ನಿನ ಇನ್‌ಸ್ಟಿಟ್ಯೂಟ್ ಆಫ್ ಕಾಮನ್‌ವೆಲ್ತ್ ಸ್ಟಡೀಸ್ ಮುಂದಾಳಾಗಿ ಕಾಸ್ಬಾ ಎಂಬ ಯೋಜನೆ ನಡೆಯಿತು. ಕೆರಿಬಿಯನ್ ಅಧ್ಯಯನಕ್ಕೂ ಬ್ರಿಟನ್ನಿನ ಕಪ್ಪು ಮತ್ತು ಏಷ್ಯನ್ ಜನರ ಚರಿತ್ರೆಗೂ ಬೇಕಾದ ಆಕರಗಳು ಯಾವ ಪತ್ರಾಗಾರ, ಯಾವ ಗ್ರಂಥಾಲಯದಲ್ಲಿವೆ ಅಂತ ಗುರುತಿಸುವುದು ಅದರ ಕೆಲಸ. ಇಂಥ ಸಮೀಕ್ಷೆಯ ಕಷ್ಟ ಊಹಿಸಬಹುದು. ಸುಮ್ನೆ ಒಂದು ಪ್ರಶ್ನಾವಳಿ ಕಳಿಸಿದರೆ 'ನಮ್ಮಲ್ಲಿ ಅಂಥದ್ದೇನೂ ಇಲ್ಲ' ಅನ್ನೋ ಉತ್ತರ ಬರೋದು ಸಹಜ. ಅವರೇನೂ ಸುಳ್ಳು ಹೇಳುತ್ತಿಲ್ಲ. ಒಬ್ಬ ಜಮೀನ್ದಾರನ ಮನೆತನದ ಕಾಗದಗಳು ಅಂತ ಕ್ಯಾಟಲಾಗಿನಲ್ಲಿ ಇರುತ್ತದೆ. ಆ ಮನೆತನಕ್ಕೆ ಜಮೈಕಾದಲ್ಲಿ ಕಬ್ಬಿನ ತೋಟ ಇತ್ತು ಅನ್ನೋದು ಕಟ್ಟು ಬಿಚ್ಚಿದಾಗಲೇ ಗೊತ್ತಾಗೋದು.

ಒಂದು ರಿಜಿಸ್ಟರಿನ ಪುಟ

ಲಂಡನ್ನಿನ ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ, ಅಂದರೆ ಬ್ರಿಟನ್ ಸರ್ಕಾರದ ಪತ್ರಾಗಾರದಲ್ಲಿ, ಟಿ 71 ಅನ್ನೋ ಸರಣಿ ಇದೆ. ಕೆರಿಬಿಯನ್ ವಸಾಹತುಗಳ ಗುಲಾಮರ ರಿಜಿಸ್ಟರುಗಳು. ಜಮೈಕಾದ ಒಂದು ಪುಟ ತೆಗೆದರೆ ಕಾಲಂಗಳು ಹೀಗಿರುತ್ತವೆ: ಹೆಸರು, ಮೈಬಣ್ಣ, ವಯಸ್ಸು, ಆಫ್ರಿಕನ್ನೋ ಕ್ರಿಯೋಲೋ, ಷರಾ. ಕ್ರಿಯೋಲ್ ಅಂದರೆ ಅಲ್ಲೇ ಹುಟ್ಟಿದವರು. ಷರಾ ಕಾಲಂನಲ್ಲಿ ಎಷ್ಟೋ ಕಡೆ ತಾಯಿಯ ಹೆಸರು ಸಿಗುತ್ತದೆ. ಅಪ್ಪನ ಹೆಸರು ಅಪರೂಪ.

ಯಾಕೆ ಈ ಕಾಲಂಗಳು? 1807ರಲ್ಲಿ ಬ್ರಿಟನ್ ಗುಲಾಮರ ಸಾಗಾಟ ನಿಲ್ಲಿಸಿತು. ಗುಲಾಮಗಿರಿ ನಿಲ್ಲಿಸಲಿಲ್ಲ. ಆಮೇಲೂ ಕದ್ದುಮುಚ್ಚಿ ಆಫ್ರಿಕಾದಿಂದ ಜನರನ್ನು ತರುತ್ತಿದ್ದಾರಾ ಅಂತ ನೋಡಬೇಕಿತ್ತು. ಅದಕ್ಕೇ 'ಆಫ್ರಿಕನ್ ಅಥವಾ ಕ್ರಿಯೋಲ್' ಅನ್ನೋ ಕಾಲಂ. ಜಮೈಕಾದಲ್ಲಿ 1817ರಿಂದ 1832ರವರೆಗೆ ಮೂರು ವರ್ಷಕ್ಕೊಮ್ಮೆ ಪಟ್ಟಿ ಮಾಡಿದರು. ಎರಡನೇ ಪಟ್ಟಿಯಿಂದ ಹೆಚ್ಚಿದವರು, ಕಡಿಮೆಯಾದವರು, ಅಂದರೆ ಹುಟ್ಟು, ಸಾವು, ಕೊಂಡದ್ದು, ಮಾರಿದ್ದು ಮಾತ್ರ ಬರೆಯುತ್ತಿದ್ದರು. 1820ರ ಪಟ್ಟಿಯಲ್ಲಿ ಹೆಸರಿಲ್ಲ ಅಂದರೆ ಆ ವ್ಯಕ್ತಿ ಸತ್ತರು ಅಂತಲ್ಲ. ಬದಲಾವಣೆ ಏನೂ ಆಗಿಲ್ಲ ಅಂತ ಅರ್ಥ. ಇದು ಗೊತ್ತಿಲ್ಲದಿದ್ದರೆ ಲೆಕ್ಕ ಪೂರ್ತಿ ತಪ್ಪುತ್ತದೆ.

1833ರಲ್ಲಿ ಗುಲಾಮಗಿರಿ ನಿಷೇಧದ ಕಾಯ್ದೆ ಬಂತು. ಮಾಲೀಕರಿಗೆ 2 ಕೋಟಿ ಪೌಂಡ್ ಪರಿಹಾರ ಸಿಕ್ಕಿತು. ಗುಲಾಮರಾಗಿದ್ದವರಿಗೆ ಒಂದು ಪೆನ್ನಿಯೂ ಇಲ್ಲ. ಆ ಪರಿಹಾರದ ಕಾಗದಗಳೂ ಟಿ 71ರಲ್ಲೇ ಇವೆ. ಅವನ್ನು ಆಧರಿಸಿ ಯೂನಿವರ್ಸಿಟಿ ಕಾಲೇಜ್ ಲಂಡನ್ ಒಂದು ಡೇಟಾಬೇಸ್ ಮಾಡಿದೆ. ಉಚಿತ. ಆದರೆ ಅದು ಮಾಲೀಕರ ಹೆಸರಿನ ಡೇಟಾಬೇಸ್. ತೋಟದ ಹೆಸರು ಅಲ್ಲಿಂದ ಹಿಡಿದು, ರಿಜಿಸ್ಟರಿಗೆ ಹೋಗಿ ಜನರನ್ನು ಹುಡುಕಬೇಕು. ಈ ಸುತ್ತು ಬೇಸರ ತರಿಸುತ್ತದೆ, ನಿಜ. ಬೇರೆ ದಾರಿ ಇಲ್ಲ.

ವಸಾಹತು ಕಚೇರಿಯ ಪತ್ರಗಳು ಸಿಒ ಎಂಬ ಗುರುತಿನಡಿ ದ್ವೀಪವಾರು ಇವೆ: ಜಮೈಕಾಕ್ಕೆ ಸಿಒ 137, ಬಾರ್ಬಡೋಸ್‌ಗೆ 28, ಟ್ರಿನಿಡಾಡ್‌ಗೆ 295, ಬ್ರಿಟಿಷ್ ಗಯಾನಾಕ್ಕೆ 111. 1838ರಿಂದ 1917ರವರೆಗೆ ಭಾರತದಿಂದ ಕೆರಿಬಿಯನ್‌ಗೆ ಹೋದ ಕರಾರು ಕೂಲಿಗಳ ಬಗ್ಗೆ ನಡೆದ ಪತ್ರವ್ಯವಹಾರ ಇವುಗಳಲ್ಲಿ ಬೇಕಾದಷ್ಟಿದೆ. ಟ್ರಿನಿಡಾಡ್, ಗಯಾನಾಗಳಲ್ಲಿ ಹಡಗಿಳಿದವರ ರಿಜಿಸ್ಟರುಗಳು ಬೇಕಾದರೆ ಆ ದೇಶಗಳ ಪತ್ರಾಗಾರಗಳನ್ನೇ ಕೇಳಬೇಕು.

ಹಡಗಿನ ಪಟ್ಟಿ, ಮತ್ತು ಅದರ ತೂತುಗಳು

ಕೆರಿಬಿಯನ್ ವಲಸಿಗರನ್ನು ಹೊತ್ತ ಎಂಪೈರ್ ವಿಂಡ್ರಷ್ ಹಡಗು 1948ರ ಜೂನ್‌ನಲ್ಲಿ ಲಂಡನ್ ಬಳಿಯ ಟಿಲ್ಬರಿ ಬಂದರಿಗೆ ಬಂದದ್ದು ಎಲ್ಲರಿಗೂ ಗೊತ್ತು. ಅದರ ಪ್ರಯಾಣಿಕರ ಪಟ್ಟಿ ಕ್ಯೂನಲ್ಲಿ, ಬಿಟಿ 26/1237ರಲ್ಲಿದೆ. 1,027 ಜನ. ಅವರಲ್ಲಿ 800ಕ್ಕೂ ಹೆಚ್ಚು ಮಂದಿ ತಮ್ಮ ಹಿಂದಿನ ವಾಸ ಕೆರಿಬಿಯನ್ ಅಂತ ಹೇಳಿದ್ದಾರೆ. ಪಟ್ಟಿಯಲ್ಲಿ ವಯಸ್ಸು, ಕಸುಬು, ಎಲ್ಲಿ ಹತ್ತಿದರು, ಬ್ರಿಟನ್ನಿನಲ್ಲಿ ಎಲ್ಲಿ ಉಳಿಯುತ್ತಾರೆ ಎಲ್ಲ ಇದೆ. ಜನಾಂಗದ ಕಾಲಂ ಇಲ್ಲ. ಅದೇ ಹಡಗಿನಲ್ಲಿ ಪೋಲೆಂಡಿನವರೂ ಇದ್ದರು.

ಬಿಟಿ 26 ಸರಣಿ 1878ರಿಂದ 1960ರವರೆಗೆ ಮಾತ್ರ. ಕೆರಿಬಿಯನ್, ಭಾರತ, ಪಾಕಿಸ್ತಾನಗಳಿಂದ ಜಾಸ್ತಿ ಜನ ನುಗ್ಗಿ ಬಂದದ್ದು 1961 ಮತ್ತು 1962ರ ಮೊದಲರ್ಧದಲ್ಲಿ, ಕಾಮನ್‌ವೆಲ್ತ್ ದೇಶಗಳಿಂದ ಬರುವವರಿಗೆ ಕಡಿವಾಣ ಹಾಕಿದ ವಲಸೆ ಕಾಯ್ದೆ ಜಾರಿಗೆ ಬರುವ ಮೊದಲು. ಸರಿಯಾಗಿ ಆ ಹೊತ್ತಿಗೆ ಪಟ್ಟಿ ಮುಗಿದುಹೋಗುತ್ತದೆ! ಇನ್ನೊಂದು ತೂತು: ಯುರೋಪ್ ಮತ್ತು ಮೆಡಿಟರೇನಿಯನ್ ಆಚೆಯಿಂದ ಹೊರಟ ಹಡಗುಗಳಿಗೆ ಮಾತ್ರ ಈ ಪಟ್ಟಿ. ಜಿನೋವಾದಲ್ಲಿ ಇಳಿದು ರೈಲು ಹಿಡಿದು ಬಂದವರು ಇದರಲ್ಲಿಲ್ಲ.

ಹಡಗಿನ ಪಟ್ಟಿ ವ್ಯಾಪಾರ ಮಂಡಳಿಯ ದಾಖಲೆ, ಉಳಿಯಿತು. ಬಂದಿಳಿದವರ ಲ್ಯಾಂಡಿಂಗ್ ಕಾರ್ಡುಗಳು ಗೃಹ ಇಲಾಖೆಯ ಹತ್ತಿರ ಇದ್ದವು, 2010ರಲ್ಲಿ ನಾಶ ಮಾಡಿದರು. ದಶಕಗಳಿಂದ ಬ್ರಿಟನ್ನಿನಲ್ಲಿದ್ದವರಿಗೆ 'ನೀವು ಬಂದ ವರ್ಷಕ್ಕೆ ಪುರಾವೆ ಕೊಡಿ' ಅಂತ ಅದೇ ಸರ್ಕಾರ ಕೇಳಿತು. 2018ರಲ್ಲಿ ಅದು ದೊಡ್ಡ ಹಗರಣವಾಯಿತು.

ಜನಗಣತಿ ನೋಡಿದರೆ ಆಗಲ್ವಾ ಅಂತ ಕೇಳಬಹುದು. ಬ್ರಿಟನ್ನಿನ ಜನಗಣತಿಯಲ್ಲಿ ಜನಾಂಗದ ಪ್ರಶ್ನೆ ಮೊದಲ ಬಾರಿ ಬಂದದ್ದು 1991ರಲ್ಲಿ. ಅದಕ್ಕೆ ಮೊದಲು ಹುಟ್ಟಿದ ಊರು ಮಾತ್ರ. 1881ರಲ್ಲಿ 'ಹುಟ್ಟಿದ್ದು ಇಂಡಿಯಾ' ಅಂತ ಕಂಡರೆ ಅದು ಹೆಚ್ಚಾಗಿ ಯಾವುದೋ ಇಂಗ್ಲಿಷ್ ಅಧಿಕಾರಿಯ ಮಗು.

ಹುಡುಕುವ ಪದಗಳ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಆ ಕಾಲದ ಗುಮಾಸ್ತ ಬಳಸಿದ ಪದವನ್ನೇ ಟೈಪ್ ಮಾಡಬೇಕು: ನೀಗ್ರೋ, ಬ್ಲ್ಯಾಕಮೋರ್, ಮೂರ್, ಇಥಿಯೋಪಿಯನ್, ಲಸ್ಕರ್ (ಬ್ರಿಟಿಷ್ ಹಡಗುಗಳಲ್ಲಿ ದುಡಿದ ಏಷ್ಯನ್ ನಾವಿಕ), ಕೂಲಿ. ಇವತ್ತು ಬಾಯಲ್ಲಿ ಆಡಲು ಮುಜುಗರ ಆಗುವ ಪದಗಳು ಇದರಲ್ಲಿವೆ, ಆದರೂ ಹುಡುಕುವ ಪೆಟ್ಟಿಗೆಗೆ ಹಾಕಲೇಬೇಕು. ಪ್ರತಿಯೊಂದರ ಹಳೇ ಕಾಗುಣಿತಗಳೂ ಬೇಕು. ಟ್ರಿನಿಡಾಡಿನ ಕಾಗದದಲ್ಲಿ 'ಈಸ್ಟ್ ಇಂಡಿಯನ್' ಅಂದರೆ ನಮ್ಮ ಕಡೆಯಿಂದ ಹೋದವರು. 18ನೇ ಶತಮಾನದ ಪತ್ರಗಳಲ್ಲಿ 'ವೆಸ್ಟ್ ಇಂಡಿಯನ್' ಅಂದರೆ ಎಷ್ಟೋ ಸಲ ಬಿಳಿ ತೋಟದ ಯಜಮಾನ. 1970–80ರ ದಶಕದ ಕರಪತ್ರಗಳಲ್ಲಿ 'ಬ್ಲ್ಯಾಕ್' ಅನ್ನೋದರಲ್ಲಿ ಪಂಜಾಬಿಗಳೂ ಗುಜರಾತಿಗಳೂ ಸೇರುತ್ತಾರೆ.

ಆಯಾ ಮತ್ತು ರಾಜಕುಮಾರಿ

ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಇಂಡಿಯಾ ಆಫೀಸಿನ ದಾಖಲೆಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಸುಮಾರು 14 ಕಿಲೋಮೀಟರ್ ಉದ್ದದ ಕಪಾಟುಗಳು. ನಾವು ಮೈಸೂರು ರೆಸಿಡೆನ್ಸಿಯ ಕಡತಕ್ಕೆ ಇಲ್ಲಿಗೆ ಹೋಗುತ್ತೇವೆ. ಬ್ರಿಟನ್ನಿನಲ್ಲಿದ್ದ ಭಾರತೀಯರ ಸುದ್ದಿಯೂ ಇದರಲ್ಲೇ ಇದೆ, ಮುಖ್ಯವಾಗಿ ಸಾರ್ವಜನಿಕ ಮತ್ತು ನ್ಯಾಯ ಇಲಾಖೆಯ ಕಡತಗಳಲ್ಲಿ. ಹಡಗಿನ ಲಸ್ಕರರು ಲಂಡನ್ನಿನಲ್ಲಿ ಕೈಯಲ್ಲಿ ಕಾಸಿಲ್ಲದೆ ಉಳಿದುಬಿಡುತ್ತಿದ್ದರು. ಅವರನ್ನು ವಾಪಸ್ ಕಳಿಸೋ ಖರ್ಚು ಯಾರದು ಅನ್ನೋ ಜಗಳ ನಡೆದಾಗೆಲ್ಲ ಕಡತ ಬೆಳೆಯುತ್ತದೆ. ಜಗಳ ಇಲ್ಲದಿದ್ದರೆ ದಾಖಲೆಯೂ ಇಲ್ಲ. 1857ರಲ್ಲಿ ಲೈಮ್‌ಹೌಸ್‌ನಲ್ಲಿ ಏಷ್ಯನ್, ಆಫ್ರಿಕನ್ ನಾವಿಕರಿಗಾಗಿ ಸ್ಟ್ರೇಂಜರ್ಸ್ ಹೋಮ್ ಎಂಬ ವಸತಿ ತೆರೆಯಿತು. ಹ್ಯಾಕ್ನಿಯಲ್ಲಿ ಆಯಾಗಳ ಮನೆ ಇತ್ತು. ದೊರೆಸಾನಿಯರ ಮಕ್ಕಳನ್ನು ನೋಡಿಕೊಂಡು ಹಡಗಿನಲ್ಲಿ ಬಂದು, ಊರಿಗೆ ಮರಳುವ ದಾರಿ ಕಾಯುತ್ತಿದ್ದ ಹೆಂಗಸರು ಅಲ್ಲಿ ಇರುತ್ತಿದ್ದರು. ಹಡಗಿನ ಪಟ್ಟಿಯಲ್ಲಿ ಇವರನ್ನು ಹುಡುಕಿದರೆ 'ಮಿಸೆಸ್ ಇಂಥವರು ಮತ್ತು ಆಯಾ' ಅಂತ ಮುಗಿದುಹೋಗುತ್ತದೆ. ಹೆಸರೇ ಇಲ್ಲ.

ಅದೇ ಕಾಲದ ನಮ್ಮ ಕೊಡಗಿನ ಗೌರಮ್ಮನನ್ನು ನೋಡಿ. ಕೊಡಗಿನ ಕೊನೆಯ ರಾಜ ಚಿಕ್ಕ ವೀರರಾಜೇಂದ್ರನ ಮಗಳು. 1852ರಲ್ಲಿ ಅಪ್ಪನ ಜೊತೆ ಇಂಗ್ಲೆಂಡಿಗೆ ಬಂದಳು, ವಿಕ್ಟೋರಿಯಾ ರಾಣಿಯೇ ಮುಂದೆ ನಿಂತು ದೀಕ್ಷಾಸ್ನಾನ ಮಾಡಿಸಿದಳು. ಗೌರಮ್ಮನ ವಿಷಯ ರಾಣಿಯ ದಿನಚರಿಯಲ್ಲಿದೆ. ವಿಂಟರ್‌ಹಾಲ್ಟರ್ ಬರೆದ ಚಿತ್ರ ರಾಜಮನೆತನದ ಸಂಗ್ರಹದಲ್ಲಿದೆ. ಅಪ್ಪ ತನ್ನ ಹಣಕ್ಕಾಗಿ ಈಸ್ಟ್ ಇಂಡಿಯಾ ಕಂಪನಿಯ ಮೇಲೆ ಚಾನ್ಸರಿ ಕೋರ್ಟಿನಲ್ಲಿ ಹೂಡಿದ ದಾವೆ ಬೇರೆ. 1864ರಲ್ಲಿ ಗೌರಮ್ಮ ತೀರಿಕೊಂಡಳು, ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ಆ ಸ್ಮಶಾನ ಸರ್ಕಾರದ ಸ್ವತ್ತಾದ್ದರಿಂದ ಅದರ ರಿಜಿಸ್ಟರುಗಳು ಕ್ಯೂನಲ್ಲಿ, ವರ್ಕ್ 97 ಅನ್ನೋ ಸರಣಿಯಲ್ಲಿವೆ! ಒಬ್ಬಳಿಗಾಗಿ ಎಷ್ಟು ಕಡೆ ಅಲೆಯಬೇಕು, ಮತ್ತು ಅವಳು ರಾಜಕುಮಾರಿ ಆಗಿದ್ದಕ್ಕೇ ಅಲೆಯಲು ಇಷ್ಟು ಜಾಗ ಇದೆ ಅನ್ನೋದು ಎರಡೂ ಇಲ್ಲಿ ಕಾಣುತ್ತದೆ.

ಕನ್ನಡದವರಿಗೆ ಆಸಕ್ತಿ ಹುಟ್ಟಿಸುವ ಇನ್ನೊಂದು ಸಂಗ್ರಹ ಲಂಡನ್ನಿನ ಸೋಆಸ್ (ಸ್ಕೂಲ್ ಆಫ್ ಓರಿಯಂಟಲ್ ಅಂಡ್ ಆಫ್ರಿಕನ್ ಸ್ಟಡೀಸ್) ಗ್ರಂಥಾಲಯದ ಮಿಷನರಿ ದಾಖಲೆಗಳು. ಲಂಡನ್ ಮಿಷನರಿ ಸೊಸೈಟಿಯ ಪತ್ರಗಳಲ್ಲಿ ಬಳ್ಳಾರಿಯ ಜಾನ್ ಹ್ಯಾಂಡ್ಸ್ ಇದ್ದಾನೆ, ಬೆಂಗಳೂರಿನ ಬೆಂಜಮಿನ್ ರೈಸ್ ಇದ್ದಾನೆ, ಅಂದರೆ ನಮ್ಮ ಬಿ.ಎಲ್. ರೈಸ್ ಅವರ ತಂದೆ. ಅದೇ ಸೊಸೈಟಿ ಈಗಿನ ಗಯಾನಾದ ಡೆಮೆರಾರಾಕ್ಕೆ ಕಳಿಸಿದ ಜಾನ್ ಸ್ಮಿತ್‌ನ ಪತ್ರಗಳೂ ಅಲ್ಲೇ. 1823ರಲ್ಲಿ ಅಲ್ಲಿನ ಗುಲಾಮರು ದಂಗೆಯೆದ್ದಾಗ ಸ್ಮಿತ್‌ನನ್ನು ಹಿಡಿದು ಜೈಲಿಗೆ ಹಾಕಿದರು, ಮರುವರ್ಷ ಅಲ್ಲೇ ಸತ್ತ.

ತಾವೇ ಕೂಡಿಟ್ಟದ್ದು

ಇಲ್ಲಿಯವರೆಗಿನದೆಲ್ಲ ಇನ್ನೊಬ್ಬರು ಬರೆದ ದಾಖಲೆ. ತಮ್ಮ ಮಾತನ್ನು ತಾವೇ ಉಳಿಸಿಕೊಂಡದ್ದು ಬೇಕಾದರೆ ಸಮುದಾಯದ ಪತ್ರಾಗಾರಗಳಿಗೆ ಹೋಗಬೇಕು. ಲಂಡನ್ನಿನ ಬ್ರಿಕ್ಸ್‌ಟನ್‌ನ ಬ್ಲ್ಯಾಕ್ ಕಲ್ಚರಲ್ ಆರ್ಕೈವ್ಸ್ 1981ರಲ್ಲಿ ಶುರುವಾಯಿತು, ವಿಂಡ್ರಷ್ ಚೌಕದ ಈಗಿನ ಕಟ್ಟಡಕ್ಕೆ ಬಂದದ್ದು 2014ರಲ್ಲಿ. ಫಿನ್ಸ್‌ಬರಿ ಪಾರ್ಕಿನ ಜಾರ್ಜ್ ಪ್ಯಾಡ್‌ಮೋರ್ ಇನ್‌ಸ್ಟಿಟ್ಯೂಟ್ ಪುಸ್ತಕದಂಗಡಿಯೊಂದರ ಜೊತೆಗೆ ಬೆಳೆದದ್ದು. 1981ರ ಜನವರಿಯಲ್ಲಿ ನ್ಯೂ ಕ್ರಾಸ್‌ನ ಒಂದು ಹುಟ್ಟುಹಬ್ಬದ ಮನೆಗೆ ಬೆಂಕಿ ಬಿದ್ದು 13 ಯುವಜನ ಸತ್ತರು. ಅವರಿಗೆ ನ್ಯಾಯ ಕೇಳಿ ನಡೆದ ಚಳವಳಿಯ ಕಾಗದಗಳು ಈ ಇನ್‌ಸ್ಟಿಟ್ಯೂಟಿನಲ್ಲಿವೆ. ಅದೇ ಘಟನೆಯ ಸರ್ಕಾರಿ ಕಡತದ ಪಕ್ಕ ಇವನ್ನಿಟ್ಟು ಓದಬೇಕು, ಒಂದನ್ನೇ ಓದಿದರೆ ಅರ್ಧ ಕಥೆ.

ಮ್ಯಾಂಚೆಸ್ಟರ್ ಸೆಂಟ್ರಲ್ ಲೈಬ್ರರಿಯಲ್ಲಿ 1986ರಲ್ಲಿ ಶಾಲೆಯಲ್ಲೇ ಕೊಲೆಯಾದ 13 ವರ್ಷದ ಅಹ್ಮದ್ ಇಕ್ಬಾಲ್ ಉಲ್ಲಾನ ಹೆಸರಿನ ಕೇಂದ್ರ ಇದೆ. ಕಾರ್ಮಿಕ ಚರಿತ್ರೆಗೆ ವಾರ್ವಿಕ್ ವಿಶ್ವವಿದ್ಯಾಲಯದ ಮಾಡರ್ನ್ ರೆಕಾರ್ಡ್ಸ್ ಸೆಂಟರ್: ಜಯಾಬೆನ್ ದೇಸಾಯಿ ಮುಂದೆ ನಿಂತ 1976–78ರ ಗ್ರನ್‌ವಿಕ್ (ಲಂಡನ್ನಿನ ಫೋಟೋ ಸಂಸ್ಕರಣೆ ಕಾರ್ಖಾನೆ) ಮುಷ್ಕರದ ಕಾಗದಗಳು ಅಲ್ಲಿ. ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್‌ನದು ಬರ್ಮಿಂಗ್‌ಹ್ಯಾಮ್ ಲೈಬ್ರರಿಯಲ್ಲಿ.

ಮುಚ್ಚಿಟ್ಟದ್ದೂ ಇದೆ. ವಸಾಹತುಗಳಿಗೆ ಸ್ವಾತಂತ್ರ್ಯ ಕೊಡುವಾಗ ಬ್ರಿಟಿಷರು ಕೆಲವು ಕಡತ ಸುಟ್ಟರು, ಕೆಲವನ್ನು ಗುಟ್ಟಾಗಿ ಲಂಡನ್ನಿಗೆ ಸಾಗಿಸಿದರು. ಕೀನ್ಯಾದ ಮೌ ಮೌ ಹೋರಾಟಗಾರರ ಮೊಕದ್ದಮೆಯಲ್ಲಿ, 2011ರಲ್ಲಿ, 37 ಹಳೇ ವಸಾಹತುಗಳ ಕಡತಗಳು ಹ್ಯಾನ್‌ಸ್ಲೋಪ್ ಪಾರ್ಕ್ ಎಂಬ ಸರ್ಕಾರಿ ಆವರಣದಲ್ಲಿರುವುದು ಬಯಲಾಯಿತು. 2012ರಿಂದ ಅವು ಎಫ್‌ಸಿಒ 141 ಎಂಬ ಸರಣಿಯಾಗಿ ಕ್ಯೂನಲ್ಲಿ ತೆರೆದಿವೆ. ಅಂದರೆ 2011ಕ್ಕೆ ಮೊದಲು ಯಾರೋ ಮಾಡಿದ ಸಮೀಕ್ಷೆಯಲ್ಲಿ ಇವು ಇರಲು ಸಾಧ್ಯವೇ ಇಲ್ಲ. ಹಳೇ ಕೈಪಿಡಿ ಬಳಸುವಾಗ ಅದರ ವರ್ಷ ನೋಡಿ.

ಸಮೀಕ್ಷೆಯ ಹಾಳೆಯಲ್ಲಿ ಎಲ್ಲರೂ ಬರೆಯುವ ಗುರುತಿನ ಸಂಖ್ಯೆ, ವರ್ಷ, ಗಾತ್ರದ ಜೊತೆಗೆ ಇನ್ನೆರಡು ಕಾಲಂ ಹಾಕಿಕೊಳ್ಳಿ. ದಾಖಲೆ ಯಾರ ಕೆಲಸಕ್ಕಾಗಿ ಹುಟ್ಟಿತು ಅನ್ನೋದು ಒಂದು. ಯಾವ ಪದ ಹಾಕಿ ಹುಡುಕಿದಾಗ ಸಿಕ್ಕಿತು, ಯಾವುದಕ್ಕೆ ಸಿಗಲಿಲ್ಲ ಅನ್ನೋದು ಇನ್ನೊಂದು. 2023ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಲೈಬ್ರರಿಯ ಮೇಲೆ ಸೈಬರ್ ದಾಳಿಯಾಗಿ ಆನ್‌ಲೈನ್ ಕ್ಯಾಟಲಾಗೇ ಬಂದ್ ಆಗಿತ್ತು. ಹಾಗಾಗಿ ಗುರುತಿನ ಸಂಖ್ಯೆಗಳನ್ನು ಪೂರ್ತಿಯಾಗಿ ನಿಮ್ಮ ಹತ್ತಿರವೇ ಬರೆದಿಟ್ಟುಕೊಳ್ಳಿ, ಬುಕ್‌ಮಾರ್ಕ್ ನಂಬಬೇಡಿ.

ವೀಸಾ, ಟಿಕೆಟ್ ಇಲ್ಲದೆ ಇಲ್ಲಿಂದಲೇ ಶುರು ಮಾಡುವವರಿಗೆ ಮೂರು ಬಾಗಿಲು ತೆರೆದಿವೆ. ಲಂಡನ್ನಿನ ಅಪರಾಧ ನ್ಯಾಯಾಲಯವಾದ ಓಲ್ಡ್ ಬೇಲಿ ಕೋರ್ಟಿನ 1674ರಿಂದ 1913ರವರೆಗಿನ ವಿಚಾರಣೆಗಳು ಆನ್‌ಲೈನ್‌ನಲ್ಲಿ ಉಚಿತ, 'ಲಸ್ಕರ್' ಅಂತ ಹಾಕಿ ನೋಡಿ. 2024ರಲ್ಲಿ ಲಂಡನ್ ಆರ್ಕೈವ್ಸ್ ಅಂತ ಹೆಸರು ಬದಲಿಸಿಕೊಂಡ ಸಂಸ್ಥೆ 1561ರಿಂದ 1840ರವರೆಗಿನ ಚರ್ಚ್ ರಿಜಿಸ್ಟರುಗಳಿಂದ ಆಫ್ರಿಕನ್, ಕೆರಿಬಿಯನ್, ಏಷ್ಯನ್ ಜನರ ನಮೂದುಗಳನ್ನು ಹೆಕ್ಕಿ ಕೊಟ್ಟಿದೆ. ಮೂರನೆಯದು ಕ್ಯೂನವರ ಡಿಸ್ಕವರಿ ಕ್ಯಾಟಲಾಗ್. ಅದರಲ್ಲಿ ದೇಶದ ಬೇರೆ ಪತ್ರಾಗಾರಗಳ ಮಾಹಿತಿಯೂ ಸಿಗುತ್ತದೆ, ಆದರೆ ದಾಖಲೆ ಯಾವ ಊರಿನಲ್ಲಿದೆ ಅಂತ ನೋಡಿಕೊಂಡೇ ಆಮೇಲೆ ಇಮೇಲ್ ಹಾಕಿ.