ಲ್ಯಾಂಪಿನ ಬಿಡಿಭಾಗ ಬೇಕೇ? ಮೊದಲು ಸ್ಕೇಲ್ ಹಿಡಿಯಿರಿ

ಲ್ಯಾಂಪ್ ರಿಪೇರಿಗೆ ಬರುವವರು ಸಾಮಾನ್ಯವಾಗಿ ಒಂದು ಫೋಟೊ ತೋರಿಸಿ "ಇದೇ ಥರದ ಹೋಲ್ಡರ್ ಬೇಕು" ಅನ್ನುತ್ತಾರೆ. ಫೋಟೊದಲ್ಲಿ ಚಿಕ್ಕ ಹೋಲ್ಡರೂ ದೊಡ್ಡದೂ ಒಂದೇ ಥರ ಕಾಣುತ್ತವೆ, ಅಲ್ವಾ? ಲ್ಯಾಂಪ್ ಮಾಡಿದ ಕಂಪನಿಯನ್ನು ಹುಡುಕಿ ಸುಮ್ನೆ ಸಮಯ ಕಳೆಯಬೇಡಿ. ಹೊರಗಿನ ಅಂದ ಎಷ್ಟೇ ಬೇರೆ ಇರಲಿ, ಒಳಗಿನ ಭಾಗಗಳು ಬಹುಪಾಲು ಕೆಲವೇ ಅಳತೆಗಳಲ್ಲಿ ಬರುತ್ತವೆ.

ಪ್ಲಗ್ ಕಿತ್ತು ಬಲ್ಬ್ ಬಿಚ್ಚಿ. ತಿರುಗಿಸಿ ಹಾಕುವ ಬಲ್ಬ್ ಆಗಿದ್ದರೆ ಅದರ ಥ್ರೆಡ್ (ತಿರುಪಿನ ಏಣುಗಳು) ಇರುವ ಭಾಗದ ಅಗಲ ಅಳೆಯಿರಿ. 27 ಮಿ.ಮೀ. ಬಂದರೆ ಅದು ಇ27 ಎಂಬ ಅಳತೆ, 14 ಬಂದರೆ ಇ14. ಒತ್ತಿ ತಿರುಗಿಸುವ, ಬದಿಯಲ್ಲಿ ಎರಡು ಪಿನ್ ಇರುವ ಬಲ್ಬ್ ಹೆಚ್ಚಾಗಿ ಬಿ22. ಪುಟ್ಟ ಹ್ಯಾಲೋಜನ್ ಬಲ್ಬ್‌ಗಳಲ್ಲಿ ಎರಡು ಪಿನ್‌ಗಳ ನಡುವಿನ ಅಂತರ ನೋಡಬೇಕು. 9 ಮಿ.ಮೀ. ಇದ್ದರೆ ಜಿ9.

ಹೋಲ್ಡರ್ ಸಿಕ್ಕರೂ ಅದನ್ನು ಕೂರಿಸುವ ಟೊಳ್ಳು ರಾಡ್ ಕೈಕೊಡುತ್ತದೆ. ಜಾಸ್ತಿ ಜನ ಸೋಲುವುದು ಇಲ್ಲೇ. ಯುರೋಪಿನ ಲ್ಯಾಂಪ್‌ಗಳಲ್ಲಿ ಸಾಮಾನ್ಯವಾಗಿ 10 ಮಿ.ಮೀ. ದಪ್ಪದ ರಾಡ್, ಒಂದೊಂದು ಮಿಲಿಮೀಟರಿಗೆ ಒಂದು ಥ್ರೆಡ್. ಅಮೆರಿಕದ್ದರಲ್ಲಿ ದಪ್ಪ ಹೆಚ್ಚುಕಡಿಮೆ ಅಷ್ಟೇ, ಇಂಚಿಗೆ 27 ಥ್ರೆಡ್. ಕಣ್ಣಿಗೆ ಎರಡೂ ಒಂದೇ. ಹಾಗಾಗಿ ರಾಡ್‌ನ ಪಕ್ಕಕ್ಕೆ ಸ್ಕೇಲ್ ಇಟ್ಟು ಒಂದಿಂಚಿನಲ್ಲಿ ಎಷ್ಟು ಏಣುಗಳಿವೆ ಎಂದು ಎಣಿಸಿ. 25 ಬಂದರೆ ಯುರೋಪಿನದ್ದು, 27 ಬಂದರೆ ಅಮೆರಿಕದ್ದು. ಸರಿಹೊಂದದ ನಟ್ ಅನ್ನು ಬಲವಂತವಾಗಿ ತಿರುಗಿಸಿದರೆ ಹಳೆಯ ಹಿತ್ತಾಳೆ ಥ್ರೆಡ್ ಸವೆದು ಹೋಗುತ್ತದೆ. ಅದನ್ನು ಮತ್ತೆ ಸರಿಮಾಡುವುದು ಕಷ್ಟ.

ಹೊಸ ಹೋಲ್ಡರ್‌ಗೆ ವೈರ್ ಜೋಡಿಸುವಾಗ ಒಂದು ಮಾತು ಮರೆಯಬೇಡಿ. ತಿರುಗಿಸುವ ಹೋಲ್ಡರ್‌ನಲ್ಲಿ ಫೇಸ್ ವೈರ್ ತಳದ ನಡುವಿನ ಪಟ್ಟಿಗೇ ಹೋಗಬೇಕು, ನ್ಯೂಟ್ರಲ್ ಸುತ್ತಲಿನ ಥ್ರೆಡ್‌ಗೆ. ಅದಲುಬದಲಾದರೂ ದೀಪವೇನೋ ಉರಿಯುತ್ತದೆ. ಆದರೆ ಬಲ್ಬ್ ಬದಲಿಸುವವರ ಬೆರಳು ಥ್ರೆಡ್‌ಗೆ ತಗುಲಿದರೆ ಶಾಕ್ ಹೊಡೆಯಬಹುದು. ಮೈ ಲೋಹದ್ದಾಗಿದ್ದು ಮೂರು ವೈರ್ ಬಂದಿದ್ದರೆ ಅರ್ಥಿಂಗ್ ವೈರನ್ನು ಬಿಟ್ಟುಬಿಡಬೇಡಿ.

ಗಾಜಿನ ಶೇಡ್‌ಗೆ ಹೊಟ್ಟೆಯ ಅಗಲ ಮುಖ್ಯವಲ್ಲ. ಸ್ಕ್ರೂ ಹಿಡಿಯುವ ಕುತ್ತಿಗೆಯ ಅಂಚಿನ ಹೊರಗಲ ಬೇಕು. ಸ್ಕ್ರೂಗಳನ್ನು ತೀರಾ ಬಿಗಿ ಮಾಡಬೇಡಿ, ಬಿಸಿಗೆ ಗಾಜು ಹಿಗ್ಗುತ್ತದೆ.

ಬಲ್ಬೇ ಇಲ್ಲದ ಎಲ್ಇಡಿ ಲ್ಯಾಂಪ್ ಕೆಟ್ಟರೆ ಇಡೀ ಲ್ಯಾಂಪನ್ನು ಎಸೆಯಬೇಡಿ ಎಂದು ಕೇಳಿಕೊಳ್ಳುತ್ತೇನೆ. ಎಷ್ಟೋ ಸಲ ಹೋಗಿರುವುದು ಎಲ್ಇಡಿ ಅಲ್ಲ, ಒಳಗಿನ ಡ್ರೈವರ್, ಅಂದರೆ ಎಲ್ಇಡಿಗೆ ತಕ್ಕ ಕರೆಂಟ್ ಹೊಂದಿಸಿ ಕೊಡುವ ಭಾಗ. ಅದರ ಲೇಬಲ್‌ನಲ್ಲಿ ಔಟ್‌ಪುಟ್ ಸಾಲು ಓದಿ. ಉದಾಹರಣೆಗೆ, 300 ಮಿಲಿಆಂಪ್, 24–40 ವೋಲ್ಟ್ ಎಂದಿರುತ್ತದೆ. ಇಂಥದ್ದರ ಬದಲಿಗೆ ತರುವ ಡ್ರೈವರ್‌ನಲ್ಲಿ ಮಿಲಿಆಂಪ್ ಹಳೆಯದರಷ್ಟೇ ಇರಬೇಕು, ವೋಲ್ಟ್ ವ್ಯಾಪ್ತಿ ಹಳೆಯದನ್ನು ಒಳಗೊಳ್ಳಬೇಕು. ವ್ಯಾಟ್ ಒಂದನ್ನೇ ನೋಡಿ ತಂದರೆ ಹೊಂದದೇ ಹೋಗಬಹುದು. ಲೇಬಲ್ ಅಳಿಸಿಹೋಗಿದ್ದರೆ ಅಂದಾಜಿನ ಮೇಲೆ ಬೇರೆ ಡ್ರೈವರ್ ಹಾಕಬೇಡಿ. ಎಲ್ಇಡಿ ಪಟ್ಟಿ, ಹಳೆಯ ಡ್ರೈವರ್ ಎರಡನ್ನೂ ರಿಪೇರಿಯವರ ಕೈಗೆ ಕೊಡಿ, ಅವರು ಅಳೆದು ಹೇಳುತ್ತಾರೆ.