ಸೆಂಡ್ ಸರಿ ಅಂದಿತು, ಡೇಟಾ ಎಲ್ಲಿ ಹೋಯಿತು?

ಪ್ರಶ್ನೆ: ಪೆರ್ಲದ ಹತ್ತಿರ ನಮ್ಮ ಅಡಿಕೆ ತೋಟ ಉಂಟು. ಅಲ್ಲಿ ಬಿದ್ದ ಮಳೆಯ ಅಳತೆಯನ್ನು ನಿಮಿಷಕ್ಕೊಮ್ಮೆ ಕಾಸರಗೋಡು ಪೇಟೆಯ ಮನೆಯ ಕಂಪ್ಯೂಟರಿಗೆ ಕಳಿಸುವ ಪ್ರೋಗ್ರಾಂ ಅನ್ನು ಸಿ ಭಾಷೆಯಲ್ಲಿ ಬರೆದಿದ್ದೇನೆ. ತೋಟದ ಕಡೆ ಬ್ಯಾಟರಿ ಇದೆ, ಲಿನಕ್ಸ್ ಇದೆ. ಮನೆಯಲ್ಲಿ ಕರೆಂಟ್ ಹೋದರೂ, ಡೇಟಾ ಕಳಿಸಲು ಕರೆಯುವ ಸೆಂಡ್ ಫಂಕ್ಷನ್ ಎರರ್ ಕೊಡುವುದಿಲ್ಲ. ಜೋರು ಮಳೆ ಬಂದ ಹೊತ್ತಿನ ಲೆಕ್ಕವೇ ಮಾಯ. ಎರರ್ ಚೆಕ್ ಮಾಡಿದ್ದರಲ್ಲಿ ಏನು ತಪ್ಪು?

ಉತ್ತರ: ನಿಮ್ಮ ಚೆಕ್ ಸರಿಯಾಗಿಯೇ ಇರಬಹುದು. ಸೆಂಡ್ ಮೇಲೆ ಇಟ್ಟ ನಂಬಿಕೆ ಮಾತ್ರ ಜಾಸ್ತಿಯಾಯಿತು. ಅದು ಸರಿ ಅಂದರೆ, ನಿಮ್ಮ ಬೈಟುಗಳು ತೋಟದ ಯಂತ್ರದ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಬಫರಿಗೆ, ಅಂದರೆ ಕಳಿಸುವ ಮೊದಲು ತಾತ್ಕಾಲಿಕವಾಗಿ ಇಡುವ ಜಾಗಕ್ಕೆ ಸೇರಿದವು, ಅಷ್ಟೇ. ಬಸ್ಸಿನ ಕಂಡಕ್ಟರ್ ಕೈಗೆ ಕವರ್ ಕೊಟ್ಟ ಹಾಗೆ: ಕೊಟ್ಟದ್ದು ನಿಜ, ತಲುಪಿತೋ ಇಲ್ಲವೋ ಬೇರೆ ಮಾತು. ಹಾಗೆಯೇ ಸೆಂಡ್ ನೀವು ಹೇಳಿದ್ದಕ್ಕಿಂತ ಕಡಿಮೆ ಬೈಟು ತೆಗೆದುಕೊಳ್ಳುವುದೂ ಉಂಟು. ಉಳಿದದ್ದನ್ನು ಮತ್ತೆ ಕೊಡಬೇಕು.

ಮನೆಯ ಪ್ರೋಗ್ರಾಂ ಮುಚ್ಚಿದರೆ ಆ ಕಡೆಯ ಕರ್ನಲ್ ‘ಮುಗಿಯಿತು’ ಎಂದು ತಿಳಿಸುತ್ತದೆ. ಡೇಟಾ ಪಡೆಯುವ ನಿಮ್ಮ ರಿಸೀವ್ ಫಂಕ್ಷನ್‌ಗೆ ಸೊನ್ನೆ ಸಿಗುತ್ತದೆ. ಕರೆಂಟ್ ಹೋದಾಗ ಹೇಳುವವರೇ ಇಲ್ಲ, ಅಲ್ವಾ? ಎರಡು ಕಂಪ್ಯೂಟರುಗಳ ನಡುವೆ ಡೇಟಾ ಸಾಗಿಸುವ ಟಿಸಿಪಿ, ಆ ಕಡೆಯಿಂದ ಉತ್ತರ ಬರುವವರೆಗೆ ಕಳಿಸಿದ ಡೇಟಾವನ್ನೇ ಮತ್ತೆ ಮತ್ತೆ ಕಳಿಸುತ್ತದೆ. ಲಿನಕ್ಸಿನ ಮಾಮೂಲಿ ಸೆಟ್ಟಿಂಗಿನಲ್ಲಿ ಅದು ಕೈಬಿಡಲು ಕಡಿಮೆಯೆಂದರೂ 15 ನಿಮಿಷ ಬೇಕು. ಆಮೇಲಷ್ಟೇ ಟೈಮ್‌ಔಟ್ ಎರರ್. ಅಷ್ಟರಲ್ಲಿ ನಿಮ್ಮ ಹದಿನೈದು ಅಳತೆಗಳಿಗೆ ಸೆಂಡ್ ‘ಸರಿ’ ಅಂದಾಗಿರುತ್ತದೆ.

ಅದಕ್ಕೂ ಮೊದಲೇ ಕರೆಂಟ್ ಬಂದು ಕಂಪ್ಯೂಟರ್ ಎದ್ದರೆ? ಅದಕ್ಕೆ ಹಳೆಯ ಸಂಪರ್ಕದ ನೆನಪಿಲ್ಲ. ‘ಇಂಥ ಸಂಪರ್ಕವೇ ಇಲ್ಲ’ ಅನ್ನುವ ರೀಸೆಟ್ ಕಳಿಸುತ್ತದೆ. ನಿಮ್ಮ ಮುಂದಿನ ಸೆಂಡ್‌ಗೆ ‘ಕನೆಕ್ಷನ್ ರೀಸೆಟ್’ ಸಿಗುತ್ತದೆ. ನೋಡಿ, ಈಗಿನ ಸೆಂಡ್ ಹಿಂದಿನ ಅಳತೆಯ ಸುದ್ದಿ ಹೇಳುತ್ತಿದೆ. ಅದನ್ನು ಲೆಕ್ಕಿಸದೆ ಇನ್ನೊಮ್ಮೆ ಬರೆದರೆ ಕಡಿದ ಸಂಪರ್ಕಕ್ಕೆ ಬರೆದಾಗ ಕರ್ನಲ್ ಕೊಡುವ ಸಿಗ್‌ಪೈಪ್ ಸಿಗ್ನಲ್ ಬಂದು ಪ್ರೋಗ್ರಾಂ ಸದ್ದಿಲ್ಲದೆ ಸಾಯುತ್ತದೆ. ಸಿ ಭಾಷೆಯಲ್ಲಿ ಆ ಸಿಗ್ನಲ್ಲನ್ನು ಕಡೆಗಣಿಸುವಂತೆ ಮೊದಲೇ ಹೇಳಿಡಿ. ಪೈಥಾನ್ ಅದನ್ನು ತಾನೇ ಮಾಡುತ್ತದೆ.

ಸುಮ್ಮನಿರುವ ಸಂಪರ್ಕದ ಆ ಕಡೆ ಇನ್ನೂ ಇದೆಯಾ ಅಂತ ವಿಚಾರಿಸುವ ಕೀಪ್‌ಅಲೈವ್ ಹಾಕಿ ಅಂತ ಹಲವರು ಹೇಳುತ್ತಾರೆ. ಸುಮ್ನೆ ಆನ್ ಮಾಡಿದರೆ ಮೊದಲ ವಿಚಾರಣೆಯೇ 2 ಗಂಟೆಯ ನಂತರ! ನಿಮ್ಮ ಕೆಲಸಕ್ಕೆ ‘ಟಿಸಿಪಿ ಯೂಸರ್ ಟೈಮ್‌ಔಟ್’ ಮೇಲು; ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು ಅಂತ ಹೇಳುವ ಸೆಟ್ಟಿಂಗ್ ಅದು. ಮಿಲಿಸೆಕೆಂಡಿನಲ್ಲಿ 30000 ಕೊಟ್ಟರೆ ಅರ್ಧ ನಿಮಿಷದ ಆಸುಪಾಸಿನಲ್ಲಿ ಸಂಪರ್ಕ ಕಡಿಯುತ್ತದೆ.

ಆದರೆ ಎರರ್ ಬೇಗ ಸಿಕ್ಕಿದರೂ ಕಳೆದ ಅಳತೆ ವಾಪಸ್ ಬರುವುದಿಲ್ಲ. ಪ್ರತಿ ಅಳತೆಗೂ ಒಂದು ಕ್ರಮಸಂಖ್ಯೆ ಕೊಡಿ. ತೋಟದ ಕಡೆ ಫೈಲಿನಲ್ಲಿ ಬರೆದಿಡಿ. ಮನೆಯ ಪ್ರೋಗ್ರಾಂ ಅದನ್ನು ಡಿಸ್ಕಿಗೆ ಬರೆದ ಮೇಲೆ ಅದೇ ಸಂಖ್ಯೆಯನ್ನು ವಾಪಸ್ ಕಳಿಸಲಿ. ಅದು ಬಂದರೆ ಮಾತ್ರ ಇಲ್ಲಿ ಅಳಿಸಿ. ಬರದಿದ್ದರೆ ಸಾಕೆಟ್ (ಪ್ರೋಗ್ರಾಂ ಕಡೆಯ ಸಂಪರ್ಕದ ತುದಿ) ಮುಚ್ಚಿ, ಸ್ವಲ್ಪ ತಡೆದು ಹೊಸದಾಗಿ ಸೇರಿ, ಉಳಿದದ್ದನ್ನೆಲ್ಲ ಮತ್ತೆ ಕಳಿಸಿ.

ಅಳತೆ ತಲುಪಿ, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗುವುದೂ ಉಂಟು. ಆಗ ಅದೇ ಅಳತೆ ಎರಡು ಸಲ ಬರುತ್ತದೆ. ಹಾಗಾಗಿ ಒಮ್ಮೆ ಬಂದ ಸಂಖ್ಯೆ ಮತ್ತೆ ಬಂದರೆ ಮನೆಯ ಪ್ರೋಗ್ರಾಂ ಉತ್ತರ ಕೊಟ್ಟು ಸುಮ್ಮನಿರಲಿ, ಕೂಡಿಸುವುದು ಬೇಡ. ಇಲ್ಲದಿದ್ದರೆ ಪೆರ್ಲದಲ್ಲಿ ಸುರಿದದ್ದಕ್ಕಿಂತ ಜಾಸ್ತಿ ಮಳೆ ಲೆಕ್ಕದಲ್ಲಿ ಸುರಿಯುತ್ತದೆ.